ಎರಡು ತಲೆಯ ಮಿಂಚೋ

ಕಜನ್ಲಕ್ ಬಯಲಿನ ವಿಮಾನ ಶಾಲೆಯಲ್ಲಿ ಮೆಕ್ಯಾನಿಕ್ ಮಿಂಚೋನನ್ನು 'ಎರಡು ತಲೆಯವನು' ಎಂದು ಎಲ್ಲರೂ ಛೇಡಿಸುತ್ತಿದ್ದರು. ಬಲ್ಗೇರಿಯದ ನಾವು ಹೌದೆನ್ನಲು ತಲೆಯನ್ನು ಅಡ್ಡಡ್ಡ ಆಡಿಸುತ್ತೇವೆ, ಇಲ್ಲವೆನ್ನಲು ಮೇಲೆ ಕೆಳಗೆ. ಹಾರಾಟ ಕಲಿಸಲು ಬಂದ ಜರ್ಮನ್ ಗುರು ಲೋರೆಂತ್ಸನದು ಪೂರಾ ತಿರುವುಮುರುವು. ಎಂಜಿನ್ನಿನ ಅಬ್ಬರದಲ್ಲಿ ಮಾತೆಲ್ಲಿ ಕೇಳಿಸಬೇಕು? ಹಾಗಾಗಿ ಮಿಂಚೋ ಅವನಿಗೆ ಜರ್ಮನ್ ತಲೆ ಆಡಿಸುತ್ತಿದ್ದ, ನಮ್ಮವರಿಗೆ ಊರ ತಲೆ.

"ಮಿಂಚೋ ಮಾವ, ಮನೇಲಿ ಅತ್ತೆ ಮುಂದೆ ಯಾವ ತಲೆ ಆಡಿಸ್ತೀಯ?" ಎಂದು ಕೆಣಕಿದ ಕಾಮೆನ್. ಮಿಂಚೋನ ಬೀದಿಯವನೇ, ಶಾಲೆಗೆ ಹೊಸದಾಗಿ ಸೇರಿದ ಸೈನಿಕ.

"ಅವಳ ಮುಂದೆ ತಲೆ ಎತ್ತಿದ್ರೆ ತಾನೇ ಆಡಿಸೋದು!"

ಕಾಮೆನ್‌ನ ತಾಯಿ ಸ್ತಾನಾ ಮಗನನ್ನು ಕಳಿಸುವಾಗ, "ನೀನಿದ್ದೀಯಲ್ಲ, ಅದೇ ಧೈರ್ಯ" ಎಂದು ಮಿಂಚೋನಿಗೆ ಹೇಳಿದ್ದಳು.

ಜೋಡಿ ರೆಕ್ಕೆಯ ಆ ಹಳೆಯ ವಿಮಾನವನ್ನು ನಿಲ್ಲಿಸಿದಾಗ, ಗಾಳಿಗೆ ಬಾಲ ಬಡಿದುಕೊಳ್ಳದಂತೆ ಮರದ ಬೆಣೆ ಸಿಕ್ಕಿಸುವುದು ವಾಡಿಕೆ. ಅದನ್ನು ಕೀಳದೆ ಹಾರಿದರೆ ವಿಮಾನ ಹತೋಟಿಗೆ ಸಿಗದು. ಆ ಬೆಳಿಗ್ಗೆ ಮಿಂಚೋ ಮುಂದಿನ ಸೀಟಿನಲ್ಲಿದ್ದ ಕಾಮೆನ್‌ನ ಪಟ್ಟಿ ಬಿಗಿದು, ನಗುತ್ತ ಕೆಳಗಿಳಿದ. ಹಿಂದಿನ ಸೀಟಿನಿಂದ ಲೋರೆಂತ್ಸ್ ಬಾಲದತ್ತ ಬೆರಳು ಮಾಡಿ, ಬೆಣೆ ತೆಗೆದೆಯಾ ಎಂದು ಸನ್ನೆಯಲ್ಲಿ ಕೇಳಿದ. ಇನ್ನೂ ಇಲ್ಲ ಎಂದು ಮಿಂಚೋ ತಲೆಯಾಡಿಸಿದ. ಹುಡುಗನ ಜೊತೆ ಹರಟಿದ ಗುಂಗಿನಲ್ಲಿ ಊರ ತಲೆಯೇ ಆಡಿಬಿಟ್ಟಿತು, ಮೇಲೆ ಕೆಳಗೆ.

ಲೋರೆಂತ್ಸ್ ಅದನ್ನು ಹೌದೆಂದುಕೊಂಡ. ವಿಮಾನ ಹೊರಟೇಬಿಟ್ಟಿತು. ಮಿಂಚೋ ಕೂಗುತ್ತ ಹಿಂದೆ ಓಡಿದ. ಬೇಲಿಯಾಚೆಯ ಗುಲಾಬಿ ತೋಟದಲ್ಲಿ ಅದು ಮೂತಿ ಊರಿ ಬಿತ್ತು. ಲೋರೆಂತ್ಸನ ಕಾಲು ಮುರಿಯಿತು. ಕಾಮೆನ್ ಮಿಂಚೋನ ತೊಡೆಯ ಮೇಲೆ ಪ್ರಾಣ ಬಿಡುವವರೆಗೂ ಅಮ್ಮಾ ಅಮ್ಮಾ ಎಂದು ಚೀರುತ್ತಿದ್ದ.

ವಿಚಾರಣೆಯವರು ಯಾರದೂ ತಪ್ಪಿಲ್ಲ ಎಂದರು. ಯಾರದೂ ಇಲ್ಲವಂತೆ! ಮಿಂಚೋನಿಗೆ ಮಾತ್ರ ಗೊತ್ತಿತ್ತು. ಅಂದಿನಿಂದ ಅವನು ತಲೆಯಾಡಿಸುವುದನ್ನೇ ಬಿಟ್ಟ. ಹೆಂಡತಿ ಊಟಕ್ಕೆ ಕರೆದರೂ ಕತ್ತು ಕೊರಡಿನಂತೆ ನಿಲ್ಲಿಸಿ ಬಾಯಲ್ಲೇ ಉತ್ತರ ಕೊಡುತ್ತಿದ್ದ.

ನಲವತ್ತನೆಯ ದಿನದ ಪ್ರಾರ್ಥನೆ ಮುಗಿಸಿ, ಸತ್ತವರ ಹೆಸರಲ್ಲಿ ಹಂಚುವ ಬೇಯಿಸಿದ ಗೋಧಿಯ ಬಟ್ಟಲು ಹಿಡಿದು ಸ್ತಾನಾ ಅವನ ಬಾಗಿಲಿಗೆ ಬಂದಳು.

"ಒಂದೇ ಮಾತು ಕೇಳ್ತೀನಿ ಮಿಂಚೋ. ನನ್ನ ಮಗ ನರಳಿದ್ನಾ?"

ಈ ಒಂದು ಸುಳ್ಳನ್ನಾದರೂ ಆ ತಾಯಿಗೆ ಕೊಡಬೇಕೆಂದು ಅವನು ಎಂದೋ ನಿಶ್ಚಯಿಸಿದ್ದ.

"ಇಲ್ಲ ಸ್ತಾನಕ್ಕ. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಆಗೋಯ್ತು."

ಸ್ತಾನಾ ಅವನ ಬಾಯಿಯನ್ನು ನೋಡುತ್ತಿರಲಿಲ್ಲ. ಇಷ್ಟು ದಿನ ಬಿಗಿಹಿಡಿದಿದ್ದ ಅವನ ತಲೆ ಅಡ್ಡಡ್ಡ ಆಡುತ್ತಿತ್ತು, ಹೌದು, ಹೌದು ಎಂದು. ಅದು ಅವನಿಗೇ ಗೊತ್ತಿರಲಿಲ್ಲ.

ಅವಳು ಬಟ್ಟಲನ್ನು ಹೊಸ್ತಿಲ ಮೇಲಿಟ್ಟು, ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡು ಬೀದಿಗಿಳಿದಳು.