ಜೇಬಿನಲ್ಲಿ ಮೂರು ಫ್ಯೂಸು

ಇಪ್ಪತ್ತಾರು ವರ್ಷ ಕರೆಂಟಿನ ಕಂಬ ಹತ್ತಿ ಇಳಿದವನಿಗೆ ಊರವರಿಟ್ಟ ಹೆಸರು ಕಂಬದಣ್ಣ. ಕೆಲಸಕ್ಕೆ ಮುಂಚೆ ಬೀದಿಯ ಪೆಟ್ಟಿಗೆಯಿಂದ ಮೂರೂ ಫ್ಯೂಸು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುವುದು ಅವನ ಪದ್ಧತಿ. ಫ್ಯೂಸು ಎದೆಯ ಮೇಲಿರುವ ತನಕ ತಂತಿ ಸತ್ತ ಹಾಗೆಯೇ. ಅದೊಂದೇ ಧೈರ್ಯದ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಸಾಕಿ, ಮದುವೆ ಮಾಡಿದ್ದ.

ಅವತ್ತು ಮಧ್ಯಾಹ್ನ ಕೊಂಬೆ ಬಿದ್ದು ತಂತಿ ತುಂಡಾಗಿತ್ತು. ಫ್ಯೂಸು ಕಿತ್ತು ಏಣಿ ಹತ್ತಿದ. ಬೀದಿಯ ಕೊನೆಯ ಮನೆಯ ಕಡೆಗಿದ್ದ ತುಂಡಿಗೆ ಟೆಸ್ಟರ್ ತಾಗಿಸಿದ. ಅದು ಕೆಂಪಗೆ ಬೆಳಗಿತು.

ಜೇಬು ಮುಟ್ಟಿ ನೋಡಿಕೊಂಡ. ಒಂದು, ಎರಡು, ಮೂರು. ಮೂರೂ ಇವೆ, ಆದರೂ ತಂತಿಯಲ್ಲಿ ಕರೆಂಟು. ಟೆಸ್ಟರ್ ಮನೆಯಲ್ಲೇ ಮರೆತು ಬಂದಿದ್ದರೆ? ಹಾಗೆ ಮರೆತ ದಿನಗಳೂ ಉಂಟು. ಅಂಬೆಗಾಲಿಡುವ ಕೂಸಿನ ಹಾಗೆ ಒಂದೊಂದೇ ಮೆಟ್ಟಿಲು ತಡವುತ್ತ ಇಳಿದ.

ಬೀದಿಗೆಲ್ಲ ಕರೆಂಟಿಲ್ಲ, ಕೊನೆಯ ಮನೆಯಲ್ಲಿ ಮಾತ್ರ ಫ್ಯಾನು ತಿರುಗುತ್ತಿದೆ. ಚಾವಣಿಯ ಮೇಲೆ ಎಂಟು ಹೊಸ ಸೋಲಾರ್ ಹಲಗೆ.

"ನಮ್ಮ ಫ್ಯಾನು ಕಂಡ್ರೆ ನಿನಗ್ಯಾಕಪ್ಪಾ ಹೊಟ್ಟೆಯುರಿ?" ಎಂದಳು ಮನೆಯ ಅಜ್ಜಿ.

"ನಿಮ್ಮ ಸೋಲಾರ್ ಕರೆಂಟು ಬೀದಿ ತಂತಿಗೂ ಹರೀತಿದೆ ಅಜ್ಜೀ. ಈಗಷ್ಟೇ ನನ್ನ ಹೆಣ ಬೀಳ್ತಿತ್ತು. ಯಾರು ಕೂರಿಸಿದ್ದು ಇದನ್ನ?"

"ಇನ್ಯಾರು, ನಿನ್ನ ಕಿರಿ ಅಳಿಯ!"

ಹೇಳಿ ಕಳಿಸಿದ್ದಕ್ಕೆ ಅಳಿಯ ಓಡಿಬಂದ. ಬೀದಿ ತಂತಿಯಿಂದ ಮನೆಯನ್ನು ಬೇರೆ ಮಾಡುವ ಸ್ವಿಚ್ಚನ್ನೇ ಅವನು ಹಾಕಿರಲಿಲ್ಲ.

"ಅಂಗಡಿಯವರು ಸ್ವಿಚ್ಚು ಕಳಿಸ್ಲಿಲ್ಲ ಮಾವ. ಮುಂದಿನ ವಾರ ಅಂದ್ರು."

"ಸ್ವಿಚ್ಚಿಗೋಸ್ಕರ ಹೊಸ ಬಣ್ಣದ ಗೋಡೆ ಕೊರೀಬೇಡ ಅಂತ ನಾನೂ ಅಂದಿದ್ದೆ," ಅಜ್ಜಿಯ ದನಿ ಸಣ್ಣಗಾಯಿತು.

"ಮತ್ತೆ, ಕರೆಂಟ್ ಆಫೀಸಿನಿಂದ ನೋಡೋಕೆ ಬಂದವರು?" ಎಂದು ಮಾವ ಕೇಳಿದ.

"ಮಂಡಿ ನೋವು ಅಂತ ಜಗುಲೀಲೇ ಕೂತು ಸಹಿ ಹಾಕಿದ್ರು," ಎಂದ ಅಳಿಯ.

ಕಂಬದಣ್ಣ ಏಣಿಯ ಕಡೆ ನೋಡಿದ. ಅಲ್ಲಿ ತಾನು ಸತ್ತಿದ್ದರೆ, ನಿನ್ನಪ್ಪನನ್ನು ಕೊಂದವನು ನಿನ್ನ ಗಂಡನೇ ಎಂದು ಕಿರಿಮಗಳಿಗೆ ಯಾರು ಹೇಳಬೇಕಿತ್ತು?

ಅಳಿಯ ಸೋಲಾರ್ ಯಂತ್ರ ಆರಿಸಿ, ಅದರ ಫ್ಯೂಸನ್ನೂ ಕಿತ್ತು ತಂದ. ಮಾವ ಅದನ್ನೂ ಜೇಬಿಗಿಳಿಸಿ ಮತ್ತೆ ಏಣಿ ಹತ್ತಿದ. ಟೆಸ್ಟರ್ ಬೆಳಗಲಿಲ್ಲ. ಎರಡು ಸಲ, ಮೂರು ಸಲ ತಾಗಿಸಿದ, ಬೆಳಗಲಿಲ್ಲ. ಆದರೂ ಕೈ ಮುಂದಕ್ಕೆ ಹೋಗಲೊಲ್ಲದು. ಏಣಿ ಗಡಗಡ ಅನ್ನುತ್ತಿತ್ತು.

"ಏಣಿ ಅಲ್ಲಾಡಿಸ್ಬೇಡ್ವೋ!"

"ನಾನಲ್ಲ ಮಾವ... ನೀವು."

ಕಣ್ಣು ಮುಚ್ಚಿ ತಂತಿ ಹಿಡಿದ. ಬಿಸಿಲಿಗೆ ಬೆಚ್ಚಗಿತ್ತು, ಅಷ್ಟೆ.

ತಂತಿ ಬೆಸೆದು ಇಳಿದವನು ಮೂರು ಫ್ಯೂಸನ್ನು ಪೆಟ್ಟಿಗೆಗೆ ಸಿಕ್ಕಿಸಿದ. ನಾಲ್ಕನೆಯದಕ್ಕೆ ಅಜ್ಜಿ ಕೈ ಚಾಚಿದಳು.

"ಗೋಡೆ ಕೊರೆದ ಮೇಲೆ," ಎಂದ.

ಮನೆಯ ದಾರಿಯುದ್ದಕ್ಕೂ ಕತ್ತೆತ್ತಿ ಚಾವಣಿಗಳನ್ನು ನೋಡುತ್ತ ನಡೆದ. ಹೊಳೆಯುವ ಹಲಗೆ ಕಂಡಲ್ಲೆಲ್ಲ ಕೈ ತಾನಾಗಿ ಟೆಸ್ಟರನ್ನು ತಡವುತ್ತಿತ್ತು.