ಸೂರ್ಯ ಮುಳುಗಿದ ಮೇಲೆ ನಾಯಿಗೆ ಊಟ

ನಮ್ಮ ಮನೆಯ ನಾಯಿ ನಾವು ಆಸೆಪಟ್ಟು ತಂದದ್ದಲ್ಲ. ಬೆಳ್ತಂಗಡಿಯಲ್ಲಿದ್ದ ನನ್ನ ತಂಗಿ ಗಂಡನ ಜೊತೆ ಮಸ್ಕತ್ತಿಗೆ ಹೊರಟಾಗ, "ನಿಮ್ಮಲ್ಲಿ ಅಂಗಳ ಉಂಟಲ್ಲ ಅಕ್ಕ" ಎಂದು ಅದನ್ನು ವಾಮದಪದವಿನ ನಮ್ಮ ಮನೆಯಲ್ಲಿ ಬಿಟ್ಟುಹೋದಳು. ಬಿಳಿ ಪೊಮೇರಿಯನ್, ಬೆಕ್ಕಿಗಿಂತ ತುಸು ದೊಡ್ಡದು. ಬಂದ ವರ್ಷವೇ ಮೈ ಕೆರೆದುಕೊಳ್ಳಲು ಶುರು ಮಾಡಿತು. ಹೊಟ್ಟೆಯ ಕೆಳಗಿನ ಕೂದಲು ಉದುರಿ ಚರ್ಮ ಕೆಂಪಾಯಿತು, ಕಿವಿಯಿಂದ ಹುಳಿ ವಾಸನೆ ಬರತೊಡಗಿತು. ಕೆರೆಯುವಾಗ ಅದರ ಹಿಂಗಾಲು ನೆಲಕ್ಕೆ ಬಡಿಯುವ ಸದ್ದು ಕೇಳಿದರೆ ನನ್ನ ಮೈಯೂ ತುರಿಸುತ್ತಿತ್ತು.

ನಮ್ಮದು ಜೈನರ ಮನೆ. ಇರುವವರು ನನ್ನ ಗಂಡ, ಅತ್ತೆ ಮತ್ತು ನಾನು. ಮೊಟ್ಟೆ ಕೂಡ ಹೊಸ್ತಿಲು ದಾಟಿ ಬರುವುದಿಲ್ಲ. ತಂಗಿ ಕೊಟ್ಟುಹೋದ ನಾಯಿ ಆಹಾರದ ಚೀಲದ ಮೇಲೆ ದೊಡ್ಡದೊಂದು ಕೋಳಿಯ ಚಿತ್ರ. ಅತ್ತೆ ಅದನ್ನು ಹಿಂದಿನ ಜಗಲಿಯಲ್ಲಿ, ಕೋಳಿಯ ಮುಖ ಗೋಡೆಯ ಕಡೆ ಮಾಡಿ ಇಡಿಸಿದರು. ಮೀನಿನವನ ಸ್ಕೂಟರಿನ ಹಾರ್ನ್ ಕೇಳಿದರೆ ಅಡುಗೆಮನೆಯ ಕಿಟಕಿ ಮುಚ್ಚುವವರು ಅವರು. ಚಿತ್ರ ಕಾಣದಿದ್ದರೆ ಕೋಳಿಯೂ ಇಲ್ಲ ಎಂಬುದು ಅವರ ಲೆಕ್ಕ.

ನಾಯಿಗೆ ಕಾಯಿಲೆ ಬಂದರೆ ಊರೆಲ್ಲ ವೈದ್ಯರು. ಮೂಡುಬಿದಿರೆಯ ಅಂಗಡಿಯವರು ಬೇರೆ ಚೀಲ ಕೊಟ್ಟರು. ನನ್ನ ತವರಿನವರು ಮೊಸರನ್ನ ಹಾಕು ಅಂದರು, ಗಂಡ ತುಪ್ಪ ಸವರಿದ ಚಪಾತಿ ಹಾಕಿದರು. ಅದು ಎಲ್ಲವನ್ನೂ ತಿಂದಿತು, ಎಲ್ಲದಕ್ಕೂ ಕೆರೆಯಿತು. ಬೆಳ್ತಂಗಡಿಯಿಂದ ಮೀನಿನ ಚಿತ್ರವಿದ್ದ ಚೀಲವೊಂದನ್ನು ತಂದೆ. ಕನ್ನಡಕ ಹಾಕಿಕೊಂಡು ಹಿಂಬದಿಯ ಸಣ್ಣ ಅಕ್ಷರ ಓದಿದರೆ ಅದರಲ್ಲೂ ಕೋಳಿಯ ಕೊಬ್ಬು! ಮುಂದೆ ಮೀನು, ಹಿಂದೆ ಕೋಳಿ. ಆ ಚೀಲವನ್ನು ಯಾವ ಕಡೆ ತಿರುಗಿಸಿ ಇಡುವುದೆಂದು ಅತ್ತೆಗೂ ತಿಳಿಯಲಿಲ್ಲ.

ಕೊನೆಗೆ ಬಂಟ್ವಾಳದ ಪ್ರಾಣಿವೈದ್ಯರ ಹತ್ತಿರ ಹೋದೆವು. ಅವರು ಕಿವಿ, ಕಾಲಬೆರಳ ಸಂದು ಎಲ್ಲ ನೋಡಿ ಹೇಳಿದರು: "ಕೋಳಿ ಬೇಡ, ಗೋಧಿ ಬೇಡ, ಹಾಲು ಮೊಸರು ಬೇಡ. ಒಂದೆರಡು ತಿಂಗಳು ಬರೀ ಮೀನು ಮತ್ತು ಅನ್ನ. ಉಪ್ಪು, ಮಸಾಲೆ ಏನೂ ಹಾಕ್ಬಾರ್ದು. ಬೇರೆ ಒಂದು ತುಂಡು ಬಾಯಿಗೆ ಹೋದ್ರೂ ಮೊದಲಿನಿಂದ ಶುರು ಮಾಡ್ಬೇಕಾಗ್ತದೆ."

ಮನೆಗೆ ಬಂದು ಹೇಳಿದಾಗ ಅತ್ತೆ ಎದ್ದು ಹೋಗಿ ಅಡುಗೆಮನೆಯ ಕಿಟಕಿ ಮುಚ್ಚಿದರು. ಮೀನು ಈ ಮನೆಗೆ ಬೇಡ ಎಂದೇ ಅದರ ಅರ್ಥ.

ದಾರಿ ತೋರಿಸಿದವರು ಕಾಂಪೌಂಡ್ ಗೋಡೆಯಾಚೆಯ ಬ್ಯಾರಿ ಮುಸ್ಲಿಮರ ಮನೆಯ ಅಕ್ಕ. ನಮ್ಮ ಹಲಸು ಅವರಿಗೆ, ಅವರ ಮಾವು ನಮಗೆ ಆ ಗೋಡೆಯ ಮೇಲಿನಿಂದಲೇ ಹೋಗಿಬರುವುದು ಹಿಂದಿನಿಂದಲೂ ಉಂಟು. "ನಮಗೆ ಹೇಗೂ ದಿನಾ ಮೀನು ಬೇಕೇ ಬೇಕು. ನಾಲ್ಕು ಬೂತಾಯಿ ಬೇರೆ ಬೇಯಿಸಿ, ಮುಳ್ಳು ತೆಗೆದು ಕೊಡ್ತೇನೆ. ಅದಕ್ಕೆಂತ?" ಎಂದರು. ಆಮೇಲೆ ಸ್ವಲ್ಪ ಸಂಕೋಚದಿಂದ, "ಆದ್ರೆ ನಾಯಿ ಬಾಯಿ ಹಾಕಿದ ಪಾತ್ರೆ ನನಗೆ ವಾಪಸ್ ಬೇಡ. ನಮ್ಮಲ್ಲಿ ಆಗುದಿಲ್ಲ" ಎಂದರು.

"ಮೀನಿನ ಪಾತ್ರೆ ನಮಗೂ ಬೇಡ" ಎಂದರು ಅತ್ತೆ, ಒಳಗಿನಿಂದಲೇ.

ಇಬ್ಬರ ಮಡಿಗೂ ಅಡಿಕೆ ಹಾಳೆಯ ತಟ್ಟೆ ಹೊಂದಿತು. ಅಕ್ಕ ಅದರಲ್ಲಿ ಮೀನು ಹಾಕಿ ಗೋಡೆಯ ಮೇಲಿಡುವುದು, ನಾನು ಅಲ್ಲೇ ಅನ್ನ ಕಲಸಿ ಹಿಂದಿನ ಅಂಗಳದಲ್ಲಿ ತಿನ್ನಿಸುವುದು, ತಟ್ಟೆಯನ್ನು ಗೊಬ್ಬರದ ಗುಂಡಿಗೆ ಹಾಕಿ ಕೈಕಾಲು ತೊಳೆದು ಒಳಗೆ ಬರುವುದು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಉಪ್ಪಿಲ್ಲದ ಮೀನು ಬೇಯಿಸುವುದಕ್ಕೆ ಅಕ್ಕನಿಗೆ ಮಾತ್ರ ಕೊನೆಯವರೆಗೂ ಮನಸ್ಸು ಒಪ್ಪಲಿಲ್ಲ. "ಪಾಪ, ಏನು ಪಾಪ ಮಾಡಿತ್ತೋ" ಎನ್ನುತ್ತಿದ್ದರು.

ತಿಂಗಳೊಳಗೆ ಕೆರೆತ ನಿಂತಿತು, ಹೊಟ್ಟೆಯ ಮೇಲೆ ಹೊಸ ಕೂದಲು ಹುಟ್ಟಿತು. ಆದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಹಾಗೆ, ಚರ್ಮ ಸರಿಯಾಗುತ್ತಿದ್ದಂತೆ ಹೊಟ್ಟೆ ಕೆಟ್ಟಿತು. ದಿನಾ ಬೆಳಗ್ಗೆ ಹಳದಿ ನೀರು ವಾಂತಿ. ವಾಂತಿಯಾದ ಮೇಲೆ ಮೀನು ಕಂಡರೂ ಮುಖ ತಿರುಗಿಸುತ್ತಿತ್ತು. ಕೂದಲಿನೊಳಗೆ ಕೈ ಹಾಕಿದರೆ ಪಕ್ಕೆಲುಬು ಸಿಗುತ್ತಿತ್ತು. ನನಗೆ ಹೆದರಿಕೆಯಾಯಿತು. ಕೇಳಿ ತಂದದ್ದಲ್ಲವಾದರೂ ಅಷ್ಟು ಹೊತ್ತಿಗೆ ಅದು ನನ್ನದಾಗಿತ್ತು. ಮೀನೇ ಆಗಿಬರಲಿಲ್ಲವೆಂದು ನಾವೆಲ್ಲ ತೀರ್ಮಾನಿಸಿದೆವು. ಮೀನೂ ಆಗದಿದ್ದರೆ ಇನ್ನೇನು ಉಳಿಯಿತು?

ಮತ್ತೆ ಬಂಟ್ವಾಳಕ್ಕೆ ಹೋದೆವು. ವೈದ್ಯರು ತೂಕ ನೋಡಿ ಹುಬ್ಬು ಗಂಟಿಕ್ಕಿದರು. "ಹೀಗೆ ಇಳಿದ್ರೆ ಇಷ್ಟು ಸಣ್ಣ ಜೀವ ತಡೆಯುದಿಲ್ಲ. ರಾತ್ರಿ ಎಷ್ಟು ಹೊತ್ತಿಗೆ ಹಾಕ್ತೀರಿ?"

"ರಾತ್ರಿ ಹಾಕುವುದಿಲ್ಲ" ಎಂದೆ.

"ಹಾಗಾದ್ರೆ ಕೊನೆಯ ಊಟ?"

"ಸೂರ್ಯ ಮುಳುಗುವ ಮೊದಲು."

ಅವರು ನನ್ನನ್ನೇ ನೋಡಿದರು. ಆಗ ನನಗೆ ಹೊಳೆಯಿತು. ನಮ್ಮ ಮನೆಯಲ್ಲಿ ಬೆಳಕಿರುವಾಗಲೇ ಊಟ ಮುಗಿಯುತ್ತದೆ. ಕತ್ತಲಾದ ಮೇಲೆ ದೀಪಕ್ಕೆ ಬಂದ ಹುಳಹುಪ್ಪಟೆ ಅನ್ನಕ್ಕೆ ಬಿದ್ದು ಸಾಯಬಾರದೆಂಬುದು ನಮ್ಮ ಹಿರಿಯರ ನೇಮ. ತವರಿನಲ್ಲೂ ಹಾಗೆಯೇ ಇದ್ದುದರಿಂದ ನನಗೆ ಅದು ನೇಮವೆಂದೇ ಅನಿಸಿರಲಿಲ್ಲ, ಉಸಿರಾಟದಷ್ಟು ಸಹಜ. ಮನೆಯವರೆಲ್ಲ ಉಂಡ ಮೇಲೆ ನಾಯಿಗೆ ಮಾತ್ರ ಬೇರೆ ಹೊತ್ತು ಉಂಟೆಂದು ಯಾರಿಗೂ ತೋಚಲಿಲ್ಲ. ಮೊದಲಾದರೆ ಜಗಲಿಯ ಬಟ್ಟಲಲ್ಲಿ ರಾತ್ರಿಗೂ ಏನಾದರೂ ಉಳಿದಿರುತ್ತಿತ್ತು, ಮೀನು ಶುರುವಾದ ಮೇಲೆ ಅದೂ ಇಲ್ಲ. ಸಂಜೆಯಿಂದ ಬೆಳಗಿನವರೆಗೆ ಆ ಪುಟ್ಟ ಹೊಟ್ಟೆ ಖಾಲಿಯಾಗಿ, ಪಿತ್ತವೇ ಮೇಲೆ ಬರುತ್ತಿತ್ತು. ಕೋಳಿಯನ್ನು ಕಟ್ಟುನಿಟ್ಟಾಗಿ ಬಿಡಿಸಿದ ನಾವು ಅದಕ್ಕೆ ರಾತ್ರಿಯ ಉಪವಾಸ ಕಟ್ಟಿಬಿಟ್ಟಿದ್ದೆವು.

"ಅದೇ ಮೀನು, ಅದೇ ಅನ್ನ. ಮೂರು ಪಾಲು ಮಾಡಿ, ಒಂದು ಪಾಲು ಮಲಗುವ ಮೊದಲು ಕೊಡಿ" ಎಂದರು ವೈದ್ಯರು.

ಅತ್ತೆಗೆ ಹೇಳುವುದು ಹೇಗೆಂದು ದಾರಿಯುದ್ದಕ್ಕೂ ಯೋಚಿಸಿದೆ. ಮದುವೆಯಾಗಿ ಬಂದಂದಿನಿಂದ ಆ ಮನೆಯಲ್ಲಿ ಕತ್ತಲಾದ ಮೇಲೆ ಒಂದು ತಟ್ಟೆ ಅಲುಗಿದ್ದನ್ನು ನಾನು ಕಂಡಿಲ್ಲ. ನಾನು ಹೇಳಿದ್ದನ್ನು ಕೇಳಿ ಅತ್ತೆ ನಾಯಿಯ ಕಡೆ ನೋಡಿದರು. ಅದು ಅವರ ಕಾಲ ಬಳಿ ಸುರುಟಿಕೊಂಡು ಮಲಗಿತ್ತು.

"ನೇಮ ಹಿಡಿದದ್ದು ನಾನಲ್ವಾ? ಅದು ಯಾವ ಬಸದಿಗೆ ಹೋಗಿ ಕೈ ಮುಗಿದಿತ್ತು?" ಎಂದರು. "ಕೊಡು ನೀನು."

ಆ ರಾತ್ರಿ ಅಕ್ಕ ತಮ್ಮ ಮನೆಯ ಊಟದ ಹೊತ್ತಿಗೆ ಹಾಳೆ ತಟ್ಟೆಯನ್ನು ಗೋಡೆಯ ಮೇಲಿಟ್ಟು ಕರೆದರು. ಹಿಂದಿನ ಅಂಗಳದ ಬಲ್ಬು ಹಾಕಿ ತಟ್ಟೆ ಕೆಳಗಿಟ್ಟೆ. ಮಳೆ ಬಿಟ್ಟ ಹೊತ್ತು, ಕ್ಷಣದಲ್ಲಿ ರೆಕ್ಕೆಹುಳಗಳು ಬಲ್ಬಿಗೆ ಮುತ್ತಿದವು. ನಾಯಿ ಅವುಗಳನ್ನು ನೋಡುತ್ತಾ ತಿನ್ನುವುದನ್ನೇ ಮರೆಯಿತು. ಓಡಿಸಲು ಏನು ಮಾಡಲಿ ಎನ್ನುವಷ್ಟರಲ್ಲಿ ಹಿಂದಿನ ಬಾಗಿಲು ತೆರೆಯಿತು. ಅತ್ತೆ ಮೂಗಿಗೆ ಸೆರಗು ಹಿಡಿದು, ಇನ್ನೊಂದು ಕೈಯಲ್ಲಿ ಹಾಳೆಯ ಬೀಸಣಿಗೆ ಹಿಡಿದು ಬಂದರು.

"ಹುಳ ಬೀಳ್ತದೆ. ನೀನು ತಿನ್ನಿಸು, ನಾನು ಬೀಸ್ತೇನೆ."

ಮೀನಿನ ತಟ್ಟೆಯ ಮೇಲೆ ಒಂದು ಹುಳವೂ ಬೀಳದಂತೆ, ಒಂದಕ್ಕೂ ಪೆಟ್ಟಾಗದಂತೆ ಮೆಲ್ಲಗೆ ಬೀಸುತ್ತಾ ನಿಂತರು. "ಬೇಗ ತಿನ್ನು ಮಾರಾಯ, ನನ್ನ ಕೈ ನೋಯ್ತದೆ" ಎಂದು ಗದರಿದರು. ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ನಾಯಿ ತಟ್ಟೆ ನೆಕ್ಕಿ ಖಾಲಿ ಮಾಡಿತು.

ಬೆಳಗ್ಗೆ ನಾನು ಏಳುವ ಮೊದಲೇ ಅತ್ತೆ ಅದು ಮಲಗುವ ಗೋಣಿಯನ್ನು ಬರಿಗೈಯಲ್ಲಿ ತಡವಿ ನೋಡಿದ್ದರು. "ಒಣಗಿಯೇ ಉಂಟು" ಎಂದರು, ಅಷ್ಟೇ. ಆಮೇಲೆ ಸ್ನಾನಕ್ಕೆ ಹೋದರು.

ಬೀಸಣಿಗೆ ಈಗ ಹಿಂದಿನ ಬಾಗಿಲ ಮೊಳೆಯಲ್ಲಿದೆ. ನಾಯಿಯ ಪಕ್ಕೆಲುಬು ಕೈಗೆ ಸಿಗುವುದಿಲ್ಲ. ಮೊನ್ನೆ ಬೆಳಗ್ಗೆ ಮೀನಿನವನ ಹಾರ್ನ್ ಕೇಳಿದಾಗ ಅಕ್ಕ ಎಲ್ಲೋ ಒಳಗಿದ್ದರು, ಸ್ಕೂಟರು ಮುಂದೆ ಹೊರಟಿತ್ತು. ಅಡುಗೆಮನೆಯ ಕಿಟಕಿ ಮುಚ್ಚಲು ಎದ್ದ ಅತ್ತೆ ಅದನ್ನು ಪೂರ್ತಿ ತೆರೆದು, ಗೋಡೆಯಾಚೆಗೆ ಕೇಳುವಂತೆ ಕೂಗಿದರು:

"ಓ, ಮೀನಿನವ ಹೋಗ್ತಾ ಇದ್ದಾನೆ! ನಿಲ್ಲಿಸಿ ಅವನನ್ನು!"