ಪರವೂರಿನ ವೀರ

ಐಹೊಳೆಯ ಗೋವಿಂದಪ್ಪ ಮೂವತ್ತು ವರ್ಷದಿಂದ ಪ್ರವಾಸಿಗರಿಗೆ ಗುಡಿ ತೋರಿಸುತ್ತಾನೆ. ಕಲಿತದ್ದು ಏಳನೆಯ ಇಯತ್ತೆ. ಇಂಗ್ಲಿಷು ಪ್ರವಾಸಿಗರ ಬಾಯಿಂದಲೇ ಬಂದದ್ದು. ಕೇಳುವವರ ಮುಖ ಬಾಡಿತೆಂದರೆ ಕಥೆಗೊಂದು ಒಗ್ಗರಣೆ ಹಾಕುವುದು ಅವನ ರೂಢಿ.

ನಾಲ್ಕು ವರ್ಷದ ಹಿಂದೆ ಪೋರ್ಚುಗಲ್ಲಿನ ತೋಮಾಸ್ ಎಂಬ ಹುಡುಗ ಬಂದು ಎರಡು ವಾರ ಉಳಿದ. ಗೋವಿಂದಪ್ಪನ ಮನೆಯಲ್ಲೇ ರೊಟ್ಟಿ ತಿಂದ. ಗೋವಿಂದಪ್ಪನ ಹೆಂಡತಿ ದುರ್ಗವ್ವನಿಂದ ನಾಲ್ಕು ಕನ್ನಡ ಮಾತೂ ಕಲಿತ. ಊರ ಹೊರಗೊಂದು ವೀರಗಲ್ಲಿದೆ. ದನಗಳ್ಳರೊಡನೆ ಕಾದಾಡಿ ಸತ್ತವನನ್ನು ಅಪ್ಸರೆಯರು ಮೇಲಕ್ಕೊಯ್ಯುವ ಕೆತ್ತನೆ, ಅಕ್ಷರಗಳು ಅಳಿಸಿಹೋಗಿವೆ. ಈತ ಯಾರೆಂದು ತೋಮಾಸ್ ಕೇಳಿದಾಗ ಗೋವಿಂದಪ್ಪನ ಬಾಯಿ ಸುಮ್ಮನಿರಲಿಲ್ಲ. ಪರವೂರಿನವ, ದಾರಿಹೋಕ, ಯಾರದೋ ದನಕ್ಕಾಗಿ ಜೀವ ಕೊಟ್ಟ, ಅದಕ್ಕೇ ಅವನಿಗೆ ಎಲ್ಲರಿಗಿಂತ ದೊಡ್ಡ ಸ್ವರ್ಗ ಸಿಕ್ಕಿತು ಎಂದುಬಿಟ್ಟ.

"ಖರೆ?" ಎಂದ ತೋಮಾಸ್.

"ಖರೆ."

ಹುಡುಗ ಇನ್ನೊಮ್ಮೆ ಕೇಳಿದ. ಗೋವಿಂದಪ್ಪ ಇನ್ನೊಮ್ಮೆ ತಲೆಯಾಡಿಸಿದ.

ತೋಮಾಸ್ ಮನೆಗೆ ಮರಳಲಿಲ್ಲ. ಬರ್ಮಾದಲ್ಲಿ ಸೈನ್ಯದ ವಿರುದ್ಧ ಬಂದೂಕು ಹಿಡಿದ ಅಲ್ಲಿನ ಜನರನ್ನು ಸೇರಿಕೊಂಡು, ಈ ವರ್ಷ ಅಲ್ಲಿಯ ಕಾಡಿನಲ್ಲಿ ಸತ್ತ. ಹಾಗೆಂದು ಫೋನಿನಲ್ಲಿ ಹೇಳಿದವಳು ಅವನ ಅಕ್ಕ ಇನೆಸ್. ಆ ಪರವೂರಿನ ವೀರನ ಹಾಗೆ ತಾನೂ ಹೊರಟಿದ್ದೇನೆಂದು ಅವನು ಮನೆಗೆ ಪತ್ರ ಬರೆದಿದ್ದನಂತೆ. ಆ ಕಲ್ಲನ್ನು ನೋಡಲು ಮರುದಿನ ಬರುತ್ತೇನೆಂದಳು.

ಆ ರಾತ್ರಿ ಗೋವಿಂದಪ್ಪ ತಟ್ಟೆ ಮುಟ್ಟಲಿಲ್ಲ. "ರೊಟ್ಟಿ ಹಂಗ ಐತಲ್ರಿ?" ಎಂದಳು ದುರ್ಗವ್ವ.

"ನನ್ನ ಸುಳ್ಳು ಆ ಹುಡುಗನ್ನ ತಿಂತಲೇ. ನಾಳೆ ಆಕಿಗೆ ಖರೆ ಹೇಳ್ತೀನಿ."

"ನೀವೇನ್ ಬಂದೂಕ ಕೊಟ್ಟಿದ್ರೇನ್ರಿ? ಸತ್ತಾಂವನ ಹೆಸರಿಗೆ ಒಂದ್ ಛಲೋ ಕಥಿ ಇರ್ಲಿ, ಬಿಡ್ರಿ. ಮೂವತ್ತ ವರ್ಷ ಸುಳ್ಳು ಹೇಳಿ, ಖರೆ ಹೇಳಾಕ ನಾಳೇನ ಆಗಬೇಕೇನ?"

ಮರುದಿನ ಇನೆಸ್ ಕಲ್ಲಿನ ಮೇಲೆ ಕೈಯಿಟ್ಟು ನಿಂತಳು. ತಾಯಿ ದಿನವೂ ಈ ಕಥೆಯನ್ನೇ ನೆನೆದು ಸಮಾಧಾನ ತಂದುಕೊಳ್ಳುತ್ತಾಳೆ, ತಮ್ಮನಿಗೆ ಹೇಳಿದ ಹಾಗೆಯೇ ಹೇಳಿ ಎಂದಳು.

ಗೋವಿಂದಪ್ಪ ತನಗೆ ಬಂದ ಮುರುಕು ಇಂಗ್ಲಿಷಿನಲ್ಲಿ, ಪರವೂರಿನವ ಎಂಬುದು ತಾನೇ ಕಟ್ಟಿದ ಮಾತು ಎಂದ. ನಿಮ್ಮ ತಮ್ಮ ಎರಡು ಸಲ ಕೇಳಿದ, ಎರಡು ಸಲವೂ ಸುಳ್ಳು ಹೇಳಿದೆ ಎಂದ.

ಅವಳು ಬೈಯಲಿಲ್ಲ. ಬೈದಿದ್ದರೆ ಅವನ ಎದೆ ಹಗುರಾಗುತ್ತಿತ್ತೇನೋ. ಕಲ್ಲಿನ ಮೇಲಿಂದ ಕೈ ತೆಗೆದು, "ಅಮ್ಮನಿಗೆ ಇದನ್ನು ಹೇಳಲಾರೆ. ಇನ್ನು ಮೇಲೆ ಆ ಸುಳ್ಳನ್ನು ನಾನು ಹೇಳಬೇಕು" ಎಂದು ಕಾರಿನ ಕಡೆ ನಡೆದಳು.

ಗೋವಿಂದಪ್ಪ ಈಗಲೂ ಗುಡಿ ತೋರಿಸುತ್ತಾನೆ. ವೀರಗಲ್ಲಿನ ಮುಂದೆ ಮಾತ್ರ "ಈತ ಯಾರೋ ಗೊತ್ತಿಲ್ರಿ" ಎನ್ನುತ್ತಾನೆ. ಬಂದವರು ಬೇಸರಪಟ್ಟು ಮುಂದೆ ಹೋಗುತ್ತಾರೆ. ಅವನು ಕೂಡಲೇ ಅವರ ಹಿಂದೆ ಹೋಗುವುದಿಲ್ಲ.